ಲಕ್ಷ್ಯ ಇಲ್ಲ ಅನ್ನಬ್ಯಾಡ್ರಿ, ಮೊದ್ಲು ಕತ್ತರಿ ನೋಡ್ರಿ

ಭಾಗ 1/10

ಫೋಟೊ ನೋಡಿ "ಎಷ್ಟ್ ಚಂದ ಐತಿ ಕೌದಿ!" ಅಂತ ಕಮೆಂಟ್ ಹಾಕೋ ಮೊದಲು ಎಡಗಡೆ ಮೂಲೆ ಸ್ವಲ್ಪ ದೊಡ್ಡದು ಮಾಡಿ ನೋಡಿ. ಹಸಿರು ತುಂಡಿನ ಪಕ್ಕ ಕಂದು ಬಣ್ಣದ ಒಂದು ಕಲೆ ಇದೆ. ಚಹಾ ಚೆಲ್ಲಿದ್ದಲ್ಲ. ನನ್ನ ತಂಗಿಯ ರಕ್ತ. ಮೂರು ಸಲ ಒಗೆದರೂ ಹೋಗಿಲ್ಲ.

ನಾನು ಪೋತ್ನಾಳದಾಕಿ. ನನ್ನ ಕ್ಲಾಸಿನವರಿಗೆ ಗೊತ್ತು, ಹೊಸದಾಗಿ ಫಾಲೋ ಮಾಡಿದವರಿಗೆ ಹೇಳ್ತೀನಿ. ಮಾನ್ವಿಯಲ್ಲಿ ಸಿಂಧನೂರು ಬಸ್ ಹತ್ತಿದ್ರೆ ದಾರಿಯಲ್ಲಿ ಸಿಗೋ ಊರು ನಮ್ದು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಕಡೆ ನೆಲ್ಲು, ಬರದ ಕಡೆ ಹತ್ತಿ. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಾದಾಗ ಹೆಣ್ಮಕ್ಕಳು ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ಕೌದಿಗೆ ಕೂರ್ತಾರೆ. ಹಳೇ ಸೀರೆ, ಹಳೇ ಧೋತ್ರ, ಅಣ್ಣನ ಹರಿದ ಅಂಗಿ ಎಲ್ಲಾ ಪದರ ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಒಳಗೆ ಸುತ್ತು ಸುತ್ತು ಹೊಲಿಗೆ ಹಾಕ್ತಾರೆ. ಈ ಫೋಟೊದಲ್ಲಿರೋ ಕೌದಿ ಹೋದ ಬೇಸಿಗೇದು.

ಹತ್ತು ಭಾಗದಲ್ಲಿ ನಾನು ಹೇಳೋದು ಒಂದೇ ಮಾತು. ಕೌದಿ ಹೊಲಿಯುವಾಗ ಕೈ ಕೊಯ್ದುಕೊಂಡ ಹುಡುಗಿಗೆ "ಲಕ್ಷ್ಯ ಇಲ್ಲ ಈಕಿಗೆ" ಅಂತ ಬೈಯೋದು ನಿಲ್ಲಿಸಿ. ಆಕೆಯ ಕೈಗೆ ಏನು ಕೊಟ್ಟು ಕೂರಿಸಿದ್ರಿ, ಅದನ್ನ ಮೊದಲು ಹೇಳಿ.

ಸಿಟ್ಟು ಬಂದ್ರೆ ಬರಲಿ. ಹತ್ತೂ ಓದಿ, ಆಮೇಲೆ ಬೈರಿ.

ಭಾಗ 2/10

ಏನಾಯ್ತು ಅಂತ ನೇರವಾಗಿ ಹೇಳ್ತೀನಿ.

ತಂಗಿ ಅಂದ್ರೆ ನಮ್ಮ ಕಾಕನ ಮಗಳು. ಆಗ ಐದನೇ ಕ್ಲಾಸು ಮುಗಿಸಿದ್ದಳು. ಎಡಚಿ. ಬೈದು ಬೈದು ಆಕೆಯ ಉಣ್ಣೋದನ್ನ, ಬರೆಯೋದನ್ನ ಬಲಗೈಗೆ ತಂದಿದ್ರು. ಕತ್ತರಿ ಹಿಡಿಯೋದು ಮಾತ್ರ ಎಡಗೈಯಲ್ಲೇ ಉಳಿದಿತ್ತು.

ನಮ್ಮ ಮನೆಯ ಕತ್ತರಿ ಎರಡನೇ ಫೋಟೊದಲ್ಲಿದೆ ನೋಡಿ. ನನಗಿಂತ ವಯಸ್ಸಾಗಿದೆ ಅದಕ್ಕೆ. ಸ್ಕ್ರೂ ಸಡಿಲ. ಹಾಲಿನ ಪಾಕೀಟು, ಗೊಬ್ಬರದ ಚೀಲ, ಮೆಣಸಿನಕಾಯಿ ತೊಟ್ಟು, ಎಲ್ಲಾ ಅದರಲ್ಲೇ. ಬಲಗೈಯವರಿಗೇ ಬಟ್ಟೆ ಕತ್ತರಿಸೋ ಬದಲು ಕಚ್ಚಿ ಮಡಚುತ್ತಿತ್ತು. ಎಡಗೈಯವರಿಗೆ ಕೇಳೋದೇ ಬೇಡ. ಮಾಮೂಲಿ ಕತ್ತರಿ ಮಾಡಿರೋದು ಬಲಗೈಗೆ. ಬಲಗೈಯಲ್ಲಿ ಒತ್ತಿದರೆ ಎರಡು ಅಲಗೂ ಹತ್ತಿರ ಬರ್ತವೆ, ಎಡಗೈಯಲ್ಲಿ ಒತ್ತಿದರೆ ದೂರ ಸರೀತವೆ. ಬಟ್ಟೆ ನಡುವೆ ಸಿಕ್ಕಿಹಾಕಿಕೊಳ್ಳುತ್ತೆ.

"ಅಕ್ಕಾ, ಇದು ಬರವಲ್ದು, ಬ್ಲೇಡ್ ಕೊಡು" ಅಂದಳು.

ಕೊಟ್ಟವಳು ನಾನು. ದಾಡಿ ಬ್ಲೇಡನ್ನ ಉದ್ದಕ್ಕೆ ಮುರಿದ ಅರ್ಧ. ಬಲಗೈಯಲ್ಲಿ ಸೀರೆ ಬಿಗಿಯಾಗಿ ಹಿಡಿದು, ಎಡಗೈಯಲ್ಲಿ ಬ್ಲೇಡನ್ನ ತನ್ನ ಕಡೆಗೆ ಎಳೆದಳು. ಸೀರೆ ಜಾರಿತು. ಬಲಗೈ ತೋರುಬೆರಳಿನ ಒಳಭಾಗ ಕೊಯ್ತು. ಗಾಯ ಉದ್ದ ಇರಲಿಲ್ಲ, ಆಳ ಇತ್ತು.

ಅರಿಶಿನ ತುಂಬಿದ್ವಿ, ಬಟ್ಟೆ ಸುತ್ತಿದ್ವಿ. ಹತ್ತು ದಿನದಲ್ಲಿ ಮೇಲೆ ಚರ್ಮ ಕೂಡಿತು. ಎಲ್ಲರೂ ನಿರಾಳ. ಆಮೇಲೆ ನೋಡಿದ್ರೆ ಬೆರಳಿನ ತುದಿ ಗಣ್ಣು ಬಾಗ್ತಾನೇ ಇಲ್ಲ. ಮೂರನೇ ವಾರ ರಾಯಚೂರಿಗೆ ಕರ್ಕೊಂಡು ಹೋದ್ವಿ. ಡಾಕ್ಟರ್ ಅಂದಿದ್ದು ಇಷ್ಟೇ: "ಬೆರಳು ಬಾಗಿಸೋ ಹುರಿ ಕಟ್ಟಾಗಿದೆ. ಅವತ್ತೇ ಬಂದಿದ್ರೆ ಹೊಲೀಬಹುದಿತ್ತು. ಈಗ ತುಂಡು ಒಳಗೆ ಸರಿದಿದೆ, ಕಷ್ಟ."

ಇಡೀ ಬೇಸಿಗೆ ಹೊಲಿಗೆ ಹಾಕಿದ ಮನೆ ನಮ್ದು. ಹೊಲಿಸಬೇಕಾದ ಒಂದು ಬೆರಳು ಹೊಲಿಸಲಿಲ್ಲ.

ಭಾಗ 3/10

ಈಗ ಆ "ಲಕ್ಷ್ಯ"ದ ಕಡೆ ಬರೋಣ.

ಬಂದವರೆಲ್ಲ ಅಂದಿದ್ದು ಅದೇ. ಓಣಿಯವರು, ಬೀಗರು, ಶಾಲೆಯವರು. "ಲಕ್ಷ್ಯ ಕೊಟ್ಟು ಕೆಲ್ಸ ಮಾಡಬೇಕವ್ವ." "ಈಗಿನ ಹುಡ್ರಿಗೆ ಮೊಬೈಲ್ ಮ್ಯಾಲೆ ಇರೋ ಲಕ್ಷ್ಯ ಕೆಲ್ಸದ ಮ್ಯಾಲಿಲ್ಲ." ತಂಗಿ ಕೈಯಲ್ಲಿ ಅವತ್ತು ಮೊಬೈಲ್ ಇರಲೇ ಇಲ್ಲ. ಬ್ಲೇಡ್ ಇತ್ತು.

ಲಕ್ಷ್ಯ ಬೇಡ ಅಂತ ನಾನು ಹೇಳ್ತಿಲ್ಲ. ಬೇಕು. ಆದರೆ ಲಕ್ಷ್ಯ ಅನ್ನೋದು ಫೋನಿನ ಚಾರ್ಜ್ ಇದ್ದಂಗೆ, ಸಂಜೆ ಹೊತ್ತಿಗೆ ಇಳಿದಿರುತ್ತೆ. ನಮ್ಮವ್ವ ಬೆಳಿಗ್ಗೆ ರೊಟ್ಟಿ ಬಡಿದು, ನಾಟಿ ಇದ್ದಾಗ ದಿನವಿಡೀ ಕೆಸರಲ್ಲಿ ಬಾಗಿ, ಹತ್ತಿ ಬಿಡಿಸೋ ಕಾಲಕ್ಕೆ ಬಿಸಿಲಲ್ಲಿ ನಿಂತು, ರಾತ್ರಿ ಪಾತ್ರೆ ತಿಕ್ಕಿ, ಆಮೇಲೆ ಉಳಿದ ಒಂದು ತಾಸಿನಲ್ಲಿ ಕೌದಿ ಹಿಡೀತಾಳೆ. ಒಂದು ಬಲ್ಬು. ಅದೂ ಕರೆಂಟ್ ಇದ್ರೆ. ಆ ಹೊತ್ತಲ್ಲಿ ಲಕ್ಷ್ಯ ಎಲ್ಲಿಂದ ತರಬೇಕು ಹೇಳಿ?

ಸಿವಿಕ್ಸ್‌ನಲ್ಲಿ ಕಾನೂನು ಓದ್ತೀವಲ್ಲ. 1948ರ ಕಾರ್ಖಾನೆ ಕಾಯ್ದೆ ಏನು ಹೇಳಿತ್ತು ಗೊತ್ತಾ? ಕೆಲಸದ ಜಾಗದಲ್ಲಿ ಸಾಕಷ್ಟು ಬೆಳಕಿರಬೇಕು, ಅದು 17ನೇ ಸೆಕ್ಷನ್. ಅಪಾಯದ ಯಂತ್ರಕ್ಕೆ ಬೇಲಿ ಇರಬೇಕು, 21ನೇ ಸೆಕ್ಷನ್. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು, 45ನೇ ಸೆಕ್ಷನ್. ಕಾನೂನು ಮಾಡಿದವರು "ಕಾರ್ಮಿಕರೇ, ಲಕ್ಷ್ಯ ಕೊಡಿ" ಅಂತ ಬರೆದು ಮನೆಗೆ ಹೋಗಲಿಲ್ಲ. ಮನುಷ್ಯ ದಣೀತಾನೆ, ಮೈಮರೀತಾನೆ ಅಂತ ಒಪ್ಪಿಕೊಂಡೇ ಮಾಲೀಕನ ಮೇಲೆ ಜವಾಬ್ದಾರಿ ಹಾಕಿದ್ರು.

ನಮ್ಮ ಪಡಸಾಲೆ ಕಾರ್ಖಾನೆ ಅಲ್ಲ, ಒಪ್ಪಿದೆ. ಆದರೆ ಅಲ್ಲಿ ಕೊಯ್ಯೋದು ಅದೇ ಉಕ್ಕು, ಕೊಯ್ಸಿಕೊಳ್ಳೋದು ಅದೇ ಬೆರಳು. ಗಂಡಸಿಗೆ ಕಾರ್ಖಾನೆಯಲ್ಲಿ ಪೆಟ್ಟಾದ್ರೆ "ಅಪಘಾತ." ಹೆಣ್ಣಿಗೆ ಮನೆಯಲ್ಲಿ ಪೆಟ್ಟಾದ್ರೆ "ಲಕ್ಷ್ಯ ಇಲ್ಲ." ಈ ಲೆಕ್ಕ ಯಾರು ಹಾಕಿದ್ದು?

ಭಾಗ 4/10

ಮೂರನೇ ಫೋಟೊ: ಅರ್ಧ ಬ್ಲೇಡು. ನಿಮ್ಮ ಮನೆಯಲ್ಲೂ ಇದೆ, ನನಗೆ ಗೊತ್ತು. ಸೂಜಿ ಡಬ್ಬಿಯಲ್ಲಿ, ಕಿಟಕಿ ಸಂದಿಯಲ್ಲಿ, ದೇವರ ಫೋಟೊ ಹಿಂದೆ.

ಈ ಬ್ಲೇಡಿನ ಕಥೆ ಓದಿ ನನಗೆ ನಗು ಬಂತು, ಆಮೇಲೆ ಸಿಟ್ಟು. ಅಮೆರಿಕದ ಕಿಂಗ್ ಜಿಲೆಟ್ ಅನ್ನೋರು ಇದಕ್ಕೆ 1904ರಲ್ಲಿ ಪೇಟೆಂಟ್ ತಗೊಂಡ್ರು. ಹೆಸರು ಸೇಫ್ಟಿ ರೇಜರ್. ಸೇಫ್ಟಿ ಅಂತ ಯಾಕೆ? ತೆಳ್ಳನೆ ಬ್ಲೇಡನ್ನ ಒಂದು ಹಿಡಿಕೆಯೊಳಗೆ ಬಿಗಿದು, ಅಂಚು ಮಾತ್ರ ಚೂರು ಹೊರಗೆ ಕಾಣೋ ಹಾಗೆ ಮಾಡಿದ್ದಕ್ಕೆ. ಅಂದ್ರೆ ಸೇಫ್ಟಿ ಇದ್ದಿದ್ದು ಹಿಡಿಕೆಯಲ್ಲಿ. ನಮ್ಮ ಮನೆಗಳಲ್ಲಿ ಆ ಹಿಡಿಕೆ ಗಂಡಸರ ಗಡ್ಡಕ್ಕೆ ಉಳೀತು. ಹಿಡಿಕೆ ಇಲ್ಲದ, ಬಳಸಿ ಬಿಟ್ಟ ಬ್ಲೇಡು ಹೆಂಗಸರ ಕೌದಿಗೆ ಬಂತು.

ಹಿಡಿಯೋಕೆ ಜಾಗ ಇಲ್ಲ. ಬಾಗುತ್ತೆ. ಬೆವರಿದ ಕೈಯಲ್ಲಿ ತಿರುಗುತ್ತೆ. ಇದನ್ನ ಹಿಡಿದು ಲಕ್ಷ್ಯ ಕೊಡು ಅನ್ನೋದು, ಬ್ರೇಕ್ ಇಲ್ಲದ ಬೈಕ್ ಕೊಟ್ಟು ನಿಧಾನ ಹೋಗು ಅಂದಂಗೆ.

"ಮೊದ್ಲೂ ಬ್ಲೇಡ್ ಇತ್ತಲ್ಲ?" ಅಂತ ಕೇಳಬಹುದು. ಇತ್ತು. ಆದರೆ ಬಟ್ಟೆ ಬೇರೆ ಇತ್ತು. ಅಜ್ಜಿ ಕಾಲದ ಹತ್ತಿ ಸೀರೆ, ಧೋತ್ರ ತಗೊಳ್ಳಿ. ಅಂಚಿಗೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ ಎರಡೂ ಕೈಯಲ್ಲಿ ಎಳೆದ್ರೆ ಪರ್ ಅಂತ ನೂಲಿನ ದಾರಿ ಹಿಡಿದು ನೇರ ಹರಿಯುತ್ತೆ. ಅಳತೆ ಪಟ್ಟಿಯೂ ಬೇಡ, ಬ್ಲೇಡೂ ಬೇಡ. ಈಗ ಕೌದಿಗೆ ಬರೋ ಸೀರೆ ಬಹಳಷ್ಟು ಸಿಂಥೆಟಿಕ್. ಹರಿದ್ರೆ ಎಳೆ ಎಳೆ ಜಗ್ಗುತ್ತೆ, ಅಡ್ಡಾದಿಡ್ಡಿ ಹೋಗುತ್ತೆ, ಒಂದರ ಮೇಲೊಂದು ಇಟ್ರೆ ಜಾರುತ್ತೆ. ಅದಕ್ಕೇ ಅಜ್ಜಿ ಎರಡು ಸಲ ಬ್ಲೇಡ್ ಮುಟ್ಟುತ್ತಿದ್ದ ಕಡೆ ನಾವು ನೂರು ಸಲ ಮುಟ್ಟುತ್ತೀವಿ.

ಸೀರೆ ಬದಲಾಯ್ತು. ಅದನ್ನ ಕತ್ತರಿಸೋ ಸಾಮಾನು ಬದಲಾಗಲಿಲ್ಲ. ನಡುವೆ ಸಿಕ್ಕಿದ್ದು ಬೆರಳು.

ಭಾಗ 5/10

ಈಗ ಎಲ್ಲರೂ ತಪ್ಪು ತಿಳ್ಕೊಂಡಿರೋ ವಿಷಯ. "ಮಕ್ಕಳಿರೋ ಮನಿ, ಕತ್ತರಿ ಹರಿತ ಇರಬಾರ್ದು. ಮೊಂಡ ಇದ್ರ ಚಲೋ."

ಇಲ್ಲ. ಮೊಂಡ ಕತ್ತರಿ ಹೆಚ್ಚು ಅಪಾಯ.

ಕಾರಣ ಸರಳ. ಹರಿತ ಕತ್ತರಿಗೆ ಬಲ ಬೇಕಿಲ್ಲ, ಹೇಳಿದ ಕಡೆ ಹೋಗುತ್ತೆ. ಮೊಂಡಾಗಿದ್ರೆ ನೀವು ಜೋರಾಗಿ ಒತ್ತುತ್ತೀರಿ, ಜಗ್ಗುತ್ತೀರಿ, ತಿರುವುತ್ತೀರಿ. ಅಷ್ಟೂ ಬಲ ತುಂಬಿಕೊಂಡು ಕೂತಿರುವಾಗ ಬಟ್ಟೆ ಒಮ್ಮೆಲೆ ಬಿಟ್ಟುಕೊಟ್ರೆ ಕೈ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಮೊಂಡ ಕುಡಗೋಲು ನೆಲ್ಲು ಬಿಟ್ಟು ಕಾಲಿಗೆ ಬಂದ ಕಥೆ ನಿಮ್ಮ ಮನೆಯಲ್ಲೂ ಒಂದಾದ್ರೂ ಇರುತ್ತೆ. ಕೇಳಿ ನೋಡಿ.

ಇನ್ನೊಂದು: ಮೊಂಡ ಕತ್ತರಿ ಇದ್ದದ್ದಕ್ಕೇ ನಮ್ಮ ತಂಗಿ ಬ್ಲೇಡ್ ಕೇಳಿದಳು. ಒಳ್ಳೆ ಕತ್ತರಿ ಇಲ್ಲದ ಮನೆಯಲ್ಲೇ ಅರ್ಧ ಬ್ಲೇಡಿಗೆ ಕೆಲಸ.

ಜಪಾನಿನ ಒಸಾಕಾದಲ್ಲಿ ಯೋಶಿಯೋ ಒಕಾಡಾ ಅನ್ನೋ ಒಬ್ಬ ಪ್ರಿಂಟಿಂಗ್ ಕೆಲಸಗಾರ ಇದ್ದ. ಅವನೂ ದಿನವಿಡೀ ಕಾಗದ ಕೊಯ್ಯೋಕೆ ದಾಡಿ ಬ್ಲೇಡು, ಚಾಕು ಬಳಸ್ತಿದ್ದ. ಬೇಗ ಮೊಂಡಾಗೋದು, ಎಸೆಯೋದು, ಮತ್ತೆ ಹೊಸದು. ಅವನಿಗೆ ಚಾಕೊಲೇಟ್ ಬಾರ್ ಪಟಪಟ ಮುರಿಯೋದು ನೆನಪಾಯ್ತು, ಒಡೆದ ಗಾಜಿನ ಹರಿತ ಅಂಚು ನೆನಪಾಯ್ತು. 1956ರಲ್ಲಿ ತುದಿ ಮುರಿದ್ರೆ ಹೊಸ ಅಂಚು ಬರೋ ಬ್ಲೇಡು ಮಾಡಿದ. ನಾವು ಪೇಪರ್ ಕಟರ್ ಅಂತೀವಲ್ಲ, ಅದೇ. ಹಿಡಿಕೆ ಇದೆ, ಒಳಗೆ ಎಳೆದುಕೊಳ್ಳುತ್ತೆ, ಯಾವಾಗಲೂ ಹರಿತ.

ಆತ ಲಕ್ಷ್ಯದ ಬಗ್ಗೆ ಯಾರಿಗೂ ಪಾಠ ಮಾಡಲಿಲ್ಲ. ಸಾಮಾನು ಸರಿ ಮಾಡಿದ.

ಭಾಗ 6/10

ನಾಲ್ಕನೇ ಫೋಟೊ ನಮ್ಮನೆಯ ಮಾನೋಮಿ ಹಬ್ಬದ್ದು. ಆಯುಧ ಪೂಜೆ.

ಸಾಲಾಗಿ ನೋಡಿ. ಟ್ರ್ಯಾಕ್ಟರ್, ಚೆಂಡು ಹೂವಿನ ಹಾರ, ಗಾಲಿ ಕೆಳಗೆ ನಿಂಬೆಹಣ್ಣು. ಕಾಕನ ಬೈಕ್. ಕೊಡಲಿ, ಕುಡಗೋಲು, ಸಲಿಕೆ, ಸ್ಪ್ರೇ ಪಂಪು. ಅಣ್ಣನ ಕ್ರಿಕೆಟ್ ಬ್ಯಾಟು ಕೂಡ ಕುಂಕುಮ ಹಚ್ಚಿಕೊಂಡು ಕೂತಿದೆ. ಅವ್ವನ ಕತ್ತರಿ ಎಲ್ಲಿ? ಹುಡುಕಿ. ನಾನೂ ಹುಡುಕಿದೆ. ಇಲ್ಲ. ಆ ಹೊತ್ತಿಗೆ ಅದು ಅಡುಗೆಮನೆಯಲ್ಲಿ ಶಾವಿಗೆ ಪಾಕೀಟು ಕತ್ತರಿಸ್ತಿತ್ತು.

ಪೂಜೆ ಮಾಡಿಲ್ಲ ಅನ್ನೋದು ನನ್ನ ದೂರಲ್ಲ. ಪೂಜೆ ಅಂದ್ರೆ ವರ್ಷಕ್ಕೊಮ್ಮೆ ಆ ಸಾಮಾನನ್ನ ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಎಲ್ಲಿ ಸಡಿಲ ಆಗಿದೆ ಅಂತ ನೋಡೋ ದಿನ. ಆ ದಿನ ಆ ಕತ್ತರಿಯ ಪಾಲಿಗೆ ಬರಲೇ ಇಲ್ಲ. ಸುಗ್ಗಿಗೆ ಮುಂಚೆ ಕುಡಗೋಲು ಕಮ್ಮಾರರ ಹತ್ತಿರ ಹೋಗುತ್ತೆ. ಟೇಲರ್ ತನ್ನ ಕತ್ತರಿ ಬೇರೆಯವರಿಗೆ ಮುಟ್ಟೋಕೂ ಕೊಡಲ್ಲ. ಕ್ಷೌರದ ಅಂಗಡಿಯಲ್ಲಿ ಗಿರಾಕಿಗೊಂದು ಹೊಸ ಬ್ಲೇಡ್ ಹಾಕ್ತಾರೆ. ಕೌದಿಯ ಕತ್ತರಿಗೆ ಸಾಣೆ ಹಿಡಿಸಿದ್ದು ಯಾವಾಗ ಅಂತ ಅವ್ವನ ಕೇಳಿದೆ. "ಕತ್ತರಿಗೂ ಸಾಣಿ ಹಿಡಸ್ತಾರೇನ?" ಅಂದಳು.

ಅಷ್ಟೇ ಸಮಸ್ಯೆ. ದುಡ್ಡು ತರೋ ಕೆಲಸದ ಸಾಮಾನಿಗೆ ಸಾಣೆ. ದುಡ್ಡು ಉಳಿಸೋ ಕೆಲಸದ ಸಾಮಾನಿಗೆ ತುಕ್ಕು. ಒಂದು ಕೌದಿ ಅಂಗಡಿಯ ಒಂದು ಹೊದಿಕೆ ಉಳಿಸುತ್ತೆ. ಆ ಉಳಿತಾಯವನ್ನ ಮನೆಯಲ್ಲಿ ಯಾರೂ ಲೆಕ್ಕ ಬರೆಯಲ್ಲ. ಅದಕ್ಕೇ ಅದರ ಕತ್ತರಿಗೆ ಮೂವತ್ತು ರೂಪಾಯಿ ಖರ್ಚು ಮಾಡೋದು ಯಾರಿಗೂ ಹೊಳೆಯಲ್ಲ.

ಹುಡುಗರೇ, ನಿಮಗೂ ಹೇಳ್ತಿದ್ದೀನಿ. ಬೈಕಿನ ಚೈನಿಗೆ ಎಣ್ಣೆ ಬಿಡೋ ಕೈ ಕತ್ತರಿಯ ಸ್ಕ್ರೂ ಮೇಲೂ ಒಂದು ಹನಿ ಬಿಡಲಿ.

ಭಾಗ 7/10

ಈಗ ಎದುರು ಪಕ್ಷದ ಗಟ್ಟಿ ವಾದ. ಅದನ್ನ ಹಾಕಿದ್ದು ನಮ್ಮಜ್ಜಿಯೇ.

"ಅರವತ್ತು ವರ್ಷ ಆತು ನಾ ಕೌದಿ ಹೊಲ್ಯಾಕತ್ತು. ಇದ ಬ್ಲೇಡು, ಇದ ಕತ್ತರಿ. ಹತ್ತೂ ಬೆಳ್ಳು ಅದಾವಲ್ಲ?"

ಅದಾವ. ಐದನೇ ಫೋಟೊದಲ್ಲಿ ಅಜ್ಜಿಯ ಕೈ ಇದೆ, ಆಕೆಯನ್ನ ಕೇಳಿಯೇ ಹಾಕಿದ್ದೀನಿ. ಎಡಗೈ ಹೆಬ್ಬೆರಳ ಮೇಲೆ ಬಿಳಿ ಗೆರೆ ಎಷ್ಟಿವೆ ಅಂತ ಎಣಿಸಿದೆ: ಒಂಬತ್ತು. ಒಂದೊಂದಕ್ಕೂ ಆಕೆ ಕಥೆ ಹೇಳಿದಳು. ಒಂದು ಗಾಯ ಕೀವು ತುಂಬಿ ಹದಿನೈದು ದಿನ ಜ್ವರ ಬಂದಿತ್ತಂತೆ. ಆ ಕಥೆ ಮುಗಿಯೋ ಹೊತ್ತಿಗೆ "ಏನೂ ಆಗಿಲ್ಲ" ಅನ್ನೋ ವಾದ ಎಲ್ಲಿ ಹೋಯ್ತೋ ಆಕೆಗೇ ಗೊತ್ತಾಗಲಿಲ್ಲ. ಉಳಿದವರು ಮಾತ್ರ "ನಮಗೇನಾಗಿಲ್ಲ" ಅಂತ ಹೇಳೋಕೆ ಉಳಿದಿರ್ತಾರೆ ಅನ್ನೋದನ್ನೂ ಮರೀಬೇಡಿ.

ಆದರೆ ಅಜ್ಜಿಯನ್ನ ಸೋಲಿಸೋದು ನನ್ನ ಉದ್ದೇಶ ಅಲ್ಲ. ನಿಜ ಹೇಳಬೇಕಂದ್ರೆ ಅಜ್ಜಿ ನನ್ನ ಪಕ್ಷದ ಸಾಕ್ಷಿ.

ನೆನಪು ಮಾಡ್ಕೊಳ್ಳಿ, ನಿಮ್ಮನೆಯಲ್ಲಿ ಏನೇನು ಹೇಳ್ತಾರೆ? ಕತ್ತರಿ ಕೈಯಿಂದ ಕೈಗೆ ಕೊಡಬ್ಯಾಡ, ಕೆಳಗ ಇಡು, ಅವ್ರು ತೊಗೊಳ್ಳಲಿ, ಇಲ್ಲಾಂದ್ರ ಜಗಳ ಆಗ್ತಾವ. ಖಾಲಿ ಕತ್ತರಿ ಆಡಿಸಬ್ಯಾಡ. ರಾತ್ರಿ ಸೂಜಿ ಯಾರಿಗೂ ಕೊಡಬ್ಯಾಡ. ನಾವು ಇದನ್ನ ಮೂಢನಂಬಿಕೆ ಅಂತ ನಕ್ಕು ಮೀಮ್ ಮಾಡ್ತೀವಿ. ಜಗಳ ಆಗೋದು ಸುಳ್ಳೇ ಇರಲಿ. ಕೆಳಗಿಟ್ಟ ಕತ್ತರಿ ಯಾರ ಅಂಗೈಯನ್ನೂ ಕೊಯ್ಯಲ್ಲ. ಆಡಿಸದ ಕತ್ತರಿ ಪಕ್ಕದ ಮಗುವಿನ ಬೆರಳಿಗೆ ಹೋಗಲ್ಲ. ಕರೆಂಟ್ ಇಲ್ಲದ ಕಾಲದಲ್ಲಿ ಕತ್ತಲಲ್ಲಿ ಕೈ ಬದಲಾಗೋ ಸೂಜಿ ಬಿದ್ರೆ ಸಿಗೋದು ಯಾರದ್ದಾದ್ರೂ ಕಾಲಲ್ಲೇ.

ಆ ಹಿರಿಯರು ಲಕ್ಷ್ಯ ಒಂದನ್ನೇ ನಂಬಿ ಕೂರಲಿಲ್ಲ. ಯಾರೂ ಮುರಿಯದ ಹಾಗೆ ನಿಯಮ ಮಾಡಿ, ಅದಕ್ಕೆ ದೇವರ ಭಯ, ಜಗಳದ ಭಯ ಸೇರಿಸಿದ್ರು. ನಾವು ಭಯ ಬಿಟ್ವಿ, ಒಳ್ಳೇದೇ. ಜೊತೆಗೆ ನಿಯಮಾನೂ ಬಿಟ್ವಿ.

ಭಾಗ 8/10

ಈ ಭಾಗ ನಮ್ಮ ಪೀಳಿಗೆಗೆ. ನಾವೂ ಸಾಚಾ ಅಲ್ಲ.

ಒಂದು ಕಡೆ "ಅಜ್ಜಿಯ ಪ್ರೀತಿಯ ಬೆಚ್ಚಗಿನ ಕೌದಿ" ಅಂತ ಸಿತಾರ್ ಮ್ಯೂಸಿಕ್ ಹಾಕಿದ ರೀಲ್ಸ್. ಸುಕ್ಕುಗಟ್ಟಿದ ಕೈಯ ಕ್ಲೋಸಪ್, ಹೃದಯದ ಇಮೋಜಿ. ಆ ಕೈ ಮೇಲಿನ ಗಾಯದ ಗೆರೆಗೂ ಲೈಕು! ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಮಕ್ಕಳು ಹೊಲಿದ ಕವದಿಗಳು ಇವತ್ತು ಅಮೆರಿಕದವರೆಗೆ ಹೋಗಿ ಪ್ರದರ್ಶನದ ಗೋಡೆ ಏರಿವೆ. ಹೆಮ್ಮೆ ಪಡೋಣ. ಆದರೆ ಕೌದಿ ಕಲೆ ಅಂತ ಒಪ್ಪಿದ ಮೇಲೆ ಹೊಲಿಯೋಳು ಕಲಾವಿದೆ, ಆಕೆಗೆ ಕಲಾವಿದೆಗೆ ಸಲ್ಲೋ ಸಾಮಾನು ಬೇಕು ಅಂತಲೂ ಒಪ್ಪಬೇಕಲ್ಲ?

ಇನ್ನೊಂದು ಕಡೆ ವಿದೇಶಿ ಕ್ವಿಲ್ಟಿಂಗ್ ರೀಲ್ಸ್ ನೋಡಿ ರೋಟರಿ ಕಟರ್ ತರಿಸೋರು. ಪಿಜ್ಜಾ ಕತ್ತರಿಸೋ ಚಕ್ರದ ಥರ ದುಂಡು ಬ್ಲೇಡು. ಒಕಾಡಾ ಅವರ ಓಲ್ಫಾ ಕಂಪನಿಯೇ 1979ರಲ್ಲಿ ತಂದದ್ದು. ಒಳ್ಳೆ ಸಾಮಾನು, ಒಂದೇ ಸಲಕ್ಕೆ ನಾಲ್ಕೈದು ಪದರ ಕತ್ತರಿಸುತ್ತೆ. ನಾಲ್ಕು ಪದರ ಸೀರೆ ಕತ್ತರಿಸೋದಕ್ಕೆ ನಿಮ್ಮ ಬೆರಳು ಯಾವ ಲೆಕ್ಕ?

ರೀಲ್‌ನಲ್ಲಿ ಕಾಣೋದು ಸರ್ ಅಂತ ಹೋಗೋ ಚಕ್ರ ಮಾತ್ರ. ಕಾಣದೇ ಇರೋದು ಇಷ್ಟು: ಕೆಳಗೆ ಅದಕ್ಕೆಂದೇ ಇರೋ ಮ್ಯಾಟ್. ಮೇಲೆ ದಪ್ಪ ಸ್ಕೇಲು, ಅದರ ಅಂಚಿನಿಂದ ಒಳಗೆ ಇಟ್ಟ ಬೆರಳು. ನಿಂತು ಮಾಡೋ ಮೇಜು. ಯಾವಾಗಲೂ ಮೈಯಿಂದ ದೂರಕ್ಕೆ ತಳ್ಳೋದು. ಒಂದು ಗೀಟು ಮುಗಿದ ಕೂಡಲೇ, ಕೆಳಗಿಡೋಕೂ ಮುಂಚೆ, ಬ್ಲೇಡಿನ ಮುಚ್ಚಳ ಹಾಕೋದು. ಇಷ್ಟೂ ಬಿಟ್ಟು ಚಾಪೆ ಮೇಲೆ ಚಕ್ಕಳಮಕ್ಕಳ ಕೂತು, ತೊಡೆ ಮೇಲೆ ಸೀರೆ ಇಟ್ಟು, ಕಡಿಮೆ ರೇಟಿನ ಕಟರ್ ಉರುಳಿಸಿದ್ರೆ ಅದು ಅರ್ಧ ಬ್ಲೇಡಿನ ದೊಡ್ಡಣ್ಣ.

ನಮ್ಮ ಕೌದಿಗೆ ಅದು ಬೇಕೇ ಬೇಕು ಅಂತೇನೂ ಇಲ್ಲ. ಒಂದು ಹರಿತ ಕತ್ತರಿ ಸಾಕು. ಅದನ್ನೇ ಮೊದಲು ತನ್ನಿ.

ಭಾಗ 9/10

ಸೇವ್ ಮಾಡೋ ಭಾಗ ಇದು. ಅಜ್ಜಿ, ಅವ್ವ, ನಾನು ಮೂವರೂ ಕೂತು, ಜಗಳ ಆಡಿ, ಒಪ್ಪಿಕೊಂಡ ನಿಯಮಗಳು. ನಮ್ಮನೆ ಗೋಡೆ ಮೇಲೆ ಬರೆದು ಅಂಟಿಸಿದ್ದೀವಿ.

1. ಕೌದಿಗೆ ಬೇರೆ ಕತ್ತರಿ. ಪ್ಲಾಸ್ಟಿಕ್, ಕಾಗದ, ತೊಟ್ಟು ಅದಕ್ಕೆ ತೋರಿಸೋದೂ ಬೇಡ. ಹಿಡಿಕೆಗೆ ಕೆಂಪು ದಾರ ಕಟ್ಟಿದ್ದೀವಿ, ಗುರುತಿಗೆ.

2. ವರ್ಷಕ್ಕೊಮ್ಮೆಯಾದ್ರೂ ಸಾಣೆ. ಸಾಣೆ ಹಿಡಿಯೋರು ಓಣಿಗೆ ಬಂದಾಗ ಕುಡಗೋಲಿನ ಜೊತೆ ಕತ್ತರಿಯೂ ಹೊರಗೆ ಬರಲಿ. ಅಲಗಿನ ಹೊರಗಿನ ಇಳಿಜಾರು ಮಾತ್ರ ತೇಯಬೇಕು. ಎರಡು ಅಲಗು ಒಂದಕ್ಕೊಂದು ತಾಗೋ ಚಪ್ಪಟೆ ಒಳಮೈ ತೇಯ್ದರೆ ಕತ್ತರಿ ಕೆಟ್ಟಂಗೆ. ಸ್ಕ್ರೂ ಬಿಗಿ ಮಾಡಿಸಿ.

3. ಅರ್ಧ ಬ್ಲೇಡು ಮನೆಯಿಂದ ಹೊರಗೆ. ಬ್ಲೇಡೇ ಬೇಕಾದ್ರೆ ಹಿಡಿಕೆ ಇರೋ ಪೇಪರ್ ಕಟರ್, ಒಂದೇ ಮನೆ ಹೊರಗೆ ತೆಗೆದು.

4. ಹತ್ತಿ ಬಟ್ಟೆ ಆದ್ರೆ ಕಚ್ಚು ಹಾಕಿ ಹರೀರಿ. ಜಾರೋ ಸೀರೆ ಆದ್ರೆ ಒಂದೊಂದೇ ಪದರ ಕತ್ತರಿಸಿ.

5. ಅಲಗು ಯಾವತ್ತೂ ಮೈ ಕಡೆ ಬರಬಾರದು, ಹಿಡಿದ ಕೈ ಕಡೆಗೂ ಬರಬಾರದು. ತೊಡೆ ಮೇಲೆ ಇಟ್ಟು ಕೊಯ್ಯಬೇಡಿ.

6. ಎಡಚರಿಗೆ ಎಡಗೈ ಕತ್ತರಿ ಕೊಡಿ. ಸಿಗಲಿಲ್ಲ ಅಂದ್ರೆ ಆಕೆಗೆ ತುಂಡು ಜೋಡಿಸೋ ಕೆಲಸ ಕೊಡಿ. ಬೈಯಬೇಡಿ.

7. ಕತ್ತರಿಸೋದು ಹಗಲಲ್ಲಿ. ರಾತ್ರಿ ಹೊಲಿಗೆ ಮಾತ್ರ, ಅದೂ ಬೆಳಕಿದ್ರೆ.

8. ಸೂಜಿ ಎಣಿಸಿ ತೆಗೀರಿ, ಎಣಿಸಿ ಇಡಿ. ಮುರಿದ್ರೆ ಎರಡೂ ತುಂಡು ಸಿಗೋ ತನಕ ಏಳಬೇಡಿ. ಕೆಟ್ಟ ಸ್ಪೀಕರಿನ ಅಯಸ್ಕಾಂತ ಕೌದಿ ಮೇಲೆ ಆಡಿಸಿ. ನಾಳೆ ಅದರ ಮೇಲೆ ಮಲಗೋದು ಕೂಸು.

9. ಹಳೇ ಬ್ಲೇಡು, ಮುರಿದ ಸೂಜಿ ತಿಪ್ಪೆಗೆ ಬೇಡ. ಗಟ್ಟಿ ಡಬ್ಬಿಗೆ ಹಾಕಿ, ತುಂಬಿದ ಮೇಲೆ ಬಾಯಿಗೆ ಟೇಪ್ ಸುತ್ತಿ, ಏನಿದೆ ಅಂತ ಬರೆದು, ಕಸದ ಗಾಡಿಯವರಿಗೆ ಬೇರೆಯಾಗಿ ಹೇಳಿ ಕೊಡಿ. ಆ ಕಸ ಕೈಯಲ್ಲಿ ಬೇರ್ಪಡಿಸೋರೂ ನಮ್ಮಂಥ ಹೆಣ್ಮಕ್ಕಳೇ.

ಮಾನ್ವಿಯಲ್ಲಿ ನಾನು ತಂದ ಕತ್ತರಿಗೆ 220 ರೂಪಾಯಿ. ತಂಗಿಯನ್ನ ಕರ್ಕೊಂಡು ರಾಯಚೂರಿಗೆ ಅಡ್ಡಾಡಿದ್ದರಲ್ಲಿ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ ಆಗಿದೆ.

ಭಾಗ 10/10

ಇಷ್ಟೆಲ್ಲ ಮಾಡಿದರೂ ಕೈ ಕೊಯ್ದುಕೊಳ್ಳಬಹುದು. ಆಗ ಬೈಯೋದರಲ್ಲಿ ಕಳೆಯೋ ಐದು ನಿಮಿಷ ಇದಕ್ಕೆ ಕೊಡಿ.

ಸ್ವಚ್ಛ ಬಟ್ಟೆಯಿಂದ ಗಾಯವನ್ನ ಒತ್ತಿ ಹಿಡಿದು ಕೈ ಮೇಲೆತ್ತಿ. ಹತ್ತು ನಿಮಿಷ. ನಡುನಡುವೆ ತೆಗೆದು ನೋಡಬೇಡಿ. ರಕ್ತ ನಿಂತ ಮೇಲೆ ಹರಿಯೋ ನೀರು, ಸೋಪು. ಅರಿಶಿನ, ಸುಣ್ಣ, ಕಾಫಿ ಪುಡಿ, ನಸ್ಯ, ಯಾವುದೂ ಬೇಡ. ಡಾಕ್ಟರಿಗೆ ಗಾಯದ ಒಳಗೆ ಕಾಣಬೇಕು.

ಆಮೇಲೆ, ದಯವಿಟ್ಟು, ಇದೊಂದು ಮಾಡಿ: ಆ ಬೆರಳಿನ ಪ್ರತಿ ಗಣ್ಣನ್ನೂ ಬಾಗಿಸಿ, ಚಾಚಿ ನೋಡಿ. ತುದಿಯನ್ನ ಮುಟ್ಟಿ ಸ್ಪರ್ಶ ಗೊತ್ತಾಗ್ತಿದೆಯಾ ಕೇಳಿ. ಬಾಗದಿದ್ರೆ, ಜೋಮು ಹಿಡಿದಂಗಿದ್ರೆ, ರಕ್ತ ನಿಲ್ಲದಿದ್ರೆ, ಗಾಯ ಸಣ್ಣದೇ ಕಾಣಲಿ, ಅದೇ ದಿನ ಆಸ್ಪತ್ರೆ. ಸೂಜಿ ಒಳಗೆ ಮುರಿದಿದ್ರೆ ನೀವು ಕೆದಕಬೇಡಿ. ಬೆರಳೇ ತುಂಡಾದ್ರೆ ತುಂಡನ್ನ ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನ ಐಸ್ ಮೇಲಿಡಿ. ಐಸ್ ನೇರ ತಾಗಬಾರದು. 108ಕ್ಕೆ ಫೋನ್ ಮಾಡಿ.

ಧನುರ್ವಾಯು ತುಕ್ಕಿನಿಂದ ಹುಟ್ಟೋದಲ್ಲ. ಅದರ ರೋಗಾಣು ಇರೋದು ಮಣ್ಣು, ಸಗಣಿಯಲ್ಲಿ. ಹೊಳೆಯೋ ಬ್ಲೇಡಿಂದಲೂ ಬರಬಹುದು. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ 10 ವರ್ಷಕ್ಕೊಂದು, 16 ವರ್ಷಕ್ಕೊಂದು ಟಿಡಿ ಇಂಜೆಕ್ಷನ್ ಇದೆ, ಉಚಿತ. ಪಿಯುಸಿಯವರೇ, 16ರದ್ದು ಹಾಕಿಸಿಕೊಂಡ್ರಾ? ಹೊಲಸು ಗಾಯ ಆಗಿ, ಹಿಂದಿನ ಇಂಜೆಕ್ಷನ್ ಐದು ವರ್ಷಕ್ಕಿಂತ ಹಳೇದಾಗಿದ್ರೆ ಮತ್ತೆ ಬೇಕಾಗುತ್ತೆ. ಅಜ್ಜಿಯಂದಿರನ್ನೂ ಕೇಳಿ. ದೇಶದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಶುರುವಾಗಿದ್ದೇ 1978ರಲ್ಲಿ. ಅವರು ಅದಕ್ಕೂ ಮುಂಚೆ ಹುಟ್ಟಿದವರು, ಒಂದೂ ಹಾಕಿಸಿಕೊಳ್ಳದೇ ಇರಬಹುದು.

ಕೊನೇ ಫೋಟೊ. ನಮ್ಮನೆಯಲ್ಲಿ ಕೌದಿಯ ಕೊನೇ ಮೂಲೆ ಮುಚ್ಚೋ ಮೊದಲು ಒಳಗೆ ಚೂರು ಬೆಲ್ಲ, ನಾಲ್ಕು ಕಾಳು ಜೋಳ ಇಡ್ತಾರೆ. ಕೌದಿ ಹೊಟ್ಟಿ ಖಾಲಿ ಇರಬಾರ್ದು ಅಂತಾಳೆ ಅಜ್ಜಿ. ಈ ಸಲ ನಾನು ಕೇಳಿದೆ: "ಕೌದಿ ಹೊಟ್ಟಿ ಬಗ್ಗೆ ಇಷ್ಟ್ ಕಾಳಜಿ, ಹೊಲಿಯೋರ ಕೈ ಬಗ್ಗೆ?" ಅಜ್ಜಿ ಮಾತಾಡಲಿಲ್ಲ. ಎದ್ದು ಹೋಗಿ ಸೂಜಿ ಡಬ್ಬಿಯಿಂದ ಮೂರು ಅರ್ಧ ಬ್ಲೇಡು ತಂದು ನನ್ನ ಡಬ್ಬಿಗೆ ಹಾಕಿದಳು.

ತಂಗಿ ಈಗ ಎಡಗೈಯಲ್ಲೇ ಬರೀತಾಳೆ. ಬಲಗೈ ತೋರುಬೆರಳು ಪೆನ್ನನ್ನ ಸರಿಯಾಗಿ ಹಿಡಿಯಲ್ಲ. ಅಕ್ಷರ ಮೊದಲಿಗಿಂತ ಚಂದ ಬರ್ತಿದೆ. ಎಡಗೈ ಅಂತ ಈಗ ಯಾರೂ ಬೈಯಲ್ಲ.

ಬೈಯೋದು ನಿಲ್ಲಿಸೋಕೆ ಒಂದು ಬೆರಳು ಬೇಕಾಯ್ತು ನಮ್ಮನೆಗೆ. ನಿಮ್ಮನೆಗೆ ಬೇಕಾಗದಿರಲಿ. ಇವತ್ತು ಮನೆಗೆ ಹೋಗಿ ಕತ್ತರಿ ತೆಗೆದು ಒಂದು ಫೋಟೊ ಹಾಕಿ, ನನಗೆ ಟ್ಯಾಗ್ ಮಾಡಿ. ಎಷ್ಟು ಮೊಂಡಾಗಿದೆ ಅಂತ ಎಲ್ಲರೂ ನೋಡೋಣ.

#ಕೌದಿ #ಪೋತ್ನಾಳ #ಮಾನ್ವಿ #ಮೊದ್ಲುಕತ್ತರಿನೋಡ್ರಿ